ಕಿಟಕಿಯ ಸ್ಥಾನ: ಗಣಕಯಂತ್ರದ ಪರದೆಯನ್ನು ಕುರಿತು ಒಂದು ಪಾಠ



ಗಣಕಯಂತ್ರವು ಈಗ ಯಾರಿಗೂ ಹೊಸತಲ್ಲ. ಸಿಂಧನೂರಿನ ಅಕ್ಕಿಗಿರಣಿಗಳ ಲೆಕ್ಕ, ಲಿಂಗಸುಗೂರಿನ ಕಛೇರಿಗಳ ಅರ್ಜಿ, ಮಸ್ಕಿಯ ಅಂಗಡಿಗಳ ಜಮಾಖರ್ಚು, ಇವೆಲ್ಲವೂ ಬಹುಮಟ್ಟಿಗೆ ಅದರ ಮೂಲಕವೇ ನಡೆಯುತ್ತಿರುವುವು. ನಮ್ಮಲ್ಲಿ ಕಲಿತು ಹೋದ ಸಹೋದರಿಯರಲ್ಲಿ ಹಲವರು ದಿನದ ಬಹುಭಾಗವನ್ನು ಅದರ ಮುಂದೆಯೇ ಕಳೆಯುವರು. ಹೀಗಿದ್ದರೂ, ಒಂದು ತಂತ್ರಾಂಶವನ್ನು ತೆರೆದೊಡನೆ ಅದರ ಕಿಟಕಿಯು ಪರದೆಯ ಯಾವ ಭಾಗದಲ್ಲಿ ಬಂದು ನಿಲ್ಲುವುದು, ಎಷ್ಟು ಅಗಲ ಎಷ್ಟು ಎತ್ತರವಾಗಿ ನಿಲ್ಲುವುದು, ಅದನ್ನು ನಿರ್ಣಯಿಸುವವರು ಯಾರು ಎಂಬುದನ್ನು ವಿಚಾರಿಸಿ ನೋಡಿದವರು ವಿರಳ. ಬಂದ ಕಿಟಕಿಯನ್ನು ಮೌಸಿನಿಂದ ಹಿಡಿದು ಎಳೆಯುವೆವು, ಬೇಕಾದಷ್ಟು ಹಿಗ್ಗಿಸುವೆವು, ಬಳಿಕ ಕೆಲಸಕ್ಕೆ ತೊಡಗುವೆವು. ಮರುದಿನ ಮತ್ತೆ ಅದೇ ಎಳೆದಾಟ.

ಇದು ಅಲ್ಪ ವಿಷಯವೆಂದು ತೋರಬಹುದು. ಆದರೆ ಪರದೆಯ ಮೇಲೆ ಯಾವುದು ಎಲ್ಲಿದೆ ಎಂಬುದರಿಂದ ಒಬ್ಬ ಬಡ ರೈತನಿಗೆ ಹಿತವೋ ಅಹಿತವೋ ಉಂಟಾಗಬಹುದೆಂಬುದನ್ನು ನಮ್ಮ ನಾಡಿನ ಒಂದು ದೊಡ್ಡ ಕಾರ್ಯವೇ ತೋರಿಸಿಕೊಟ್ಟಿದೆ. ಆದುದರಿಂದ ಅಲ್ಲಿಂದಲೇ ಈ ಪಾಠವನ್ನು ಆರಂಭಿಸುವೆವು.

೧. ಎರಡು ಪರದೆಗಳ ಮೇಜು

ಹಿಂದಿನ ಕಾಲದಲ್ಲಿ ಜಮೀನಿನ ಪಹಣಿಯು ಗ್ರಾಮಲೆಕ್ಕಿಗರ ಕೈಯಲ್ಲಿರುತ್ತಿತ್ತು. ಕರ್ನಾಟಕದಲ್ಲಿ ಅಂಥ ಗ್ರಾಮಲೆಕ್ಕಿಗರು ಸುಮಾರು ೯,೦೦೦ ಮಂದಿ ಇದ್ದರು. ಕೈಬರಹದ ಆ ಪುಸ್ತಕದಲ್ಲಿ ತನ್ನ ಹೆಸರು ಹೇಗೆ ಬರೆಯಲ್ಪಟ್ಟಿದೆ, ತನ್ನ ಸರ್ವೆ ನಂಬರಿನ ಎದುರಿಗೆ ಏನು ನಮೂದಾಗಿದೆ ಎಂಬುದನ್ನು ರೈತನು ಕಣ್ಣಾರೆ ನೋಡುವುದು ಸುಲಭವಾಗಿರಲಿಲ್ಲ. ‘ಭೂಮಿ’ ಎಂಬ ಯೋಜನೆಯಿಂದ ರಾಜ್ಯದ ಸುಮಾರು ೬೭ ಲಕ್ಷ ಭೂಮಾಲಿಕರಿಗೆ ಸಂಬಂಧಿಸಿದ ಸುಮಾರು ೨ ಕೋಟಿ ದಾಖಲೆಗಳು ಗಣಕಯಂತ್ರಕ್ಕೆ ಸೇರಿದವು. ೨೦೦೧ರ ಸುಮಾರಿಗೆ ತಾಲ್ಲೂಕು ಕೇಂದ್ರಗಳಲ್ಲಿ ಪಹಣಿ ಕೊಡುವ ಮೇಜುಗಳು ಒಂದೊಂದಾಗಿ ತೆರೆಯಲ್ಪಟ್ಟು, ರೈತನು ೧೫ ರೂಪಾಯಿ ಕೊಟ್ಟು ತನ್ನ ಪಹಣಿಯನ್ನು ಪಡೆಯುವಂತಾಯಿತು. ಸಿಂಧನೂರು, ಲಿಂಗಸುಗೂರು ಎರಡೂ ಆಗ ತಾಲ್ಲೂಕು ಕೇಂದ್ರಗಳೇ ಆಗಿದ್ದವು. ಈಗ ಸ್ವತಃ ತಾಲ್ಲೂಕು ಕೇಂದ್ರವಾಗಿರುವ ಮಸ್ಕಿಯು ಆಗ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದುದರಿಂದ ಅಲ್ಲಿಯವರು ಲಿಂಗಸುಗೂರಿಗೇ ಹೋಗಬೇಕಾಗಿತ್ತು.

ಈ ಮೇಜುಗಳ ವಿಶೇಷವೇನೆಂದರೆ, ಗುಮಾಸ್ತನ ಕಡೆಗೆ ಒಂದು ಪರದೆ, ಎದುರಿಗೆ ನಿಂತ ರೈತನ ಕಡೆಗೆ ಇನ್ನೊಂದು ಪರದೆ, ಹೀಗೆ ಎರಡನ್ನು ಇಡುವ ಏರ್ಪಾಡು ಇತ್ತು. ತನ್ನ ದಾಖಲೆಯ ಮೇಲೆ ನಡೆಯುತ್ತಿರುವ ಕೆಲಸವನ್ನು ರೈತನು ಅದು ನಡೆಯುತ್ತಿರುವಾಗಲೇ ನೋಡಲೆಂಬುದೇ ಅದರ ಉದ್ದೇಶ. ‘ಶರಣಮ್ಮ’ ಎಂಬ ಹೆಸರು ‘ಶರಣವ್ವ’ ಎಂದು ಅಚ್ಚಾದರೆ, ಬರೆದವನಿಗೆ ಅದು ಒಂದಕ್ಷರದ ತಪ್ಪು. ಸಾಲಕ್ಕಾಗಿ ಬ್ಯಾಂಕಿಗೆ ಹೋಗುವ ಆ ತಾಯಿಗೆ ಅದು ತಿಂಗಳುಗಟ್ಟಲೆಯ ಅಲೆದಾಟ. ಅಚ್ಚಾಗುವುದಕ್ಕೆ ಮೊದಲೇ ಅವಳಾಗಲಿ, ಜೊತೆಗೆ ಬಂದ ಅವಳ ಮಗಳಾಗಲಿ ಆ ಹೆಸರನ್ನು ನೋಡಿ, “ಅದು ಹಾಗಲ್ಲ ಸಾಹೇಬರೇ, ಹೀಗೆ” ಎಂದು ಹೇಳಲು ಸಾಧ್ಯವಾದರೆ ಆ ಅಲೆದಾಟವು ತಪ್ಪುವುದು.

ಇದರಿಂದ ನಾವು ಕಲಿಯತಕ್ಕದ್ದು ಇಷ್ಟು: ಕಿಟಕಿಯ ಸ್ಥಾನವು ಅಂದಚಂದದ ವಿಷಯ ಮಾತ್ರವಲ್ಲ. ಯಾರು ಏನನ್ನು ನೋಡಬಲ್ಲರು, ಯಾರು ಏನನ್ನು ನೋಡಬಾರದು ಎಂಬುದನ್ನು ನಿರ್ಣಯಿಸುವುದೂ ಅದೇ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಭಾಗಗಳನ್ನು ಓದಬೇಕು.

೨. ಕಿಟಕಿಯ ಪೂರ್ವವೃತ್ತಾಂತ

ಗಣಕಯಂತ್ರದ ಪರದೆಯಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಚೌಕಟ್ಟನ್ನು ಕೊಟ್ಟು ಅದನ್ನು ‘ವಿಂಡೋ’, ಅಂದರೆ ಕಿಟಕಿ, ಎಂದು ಕರೆಯುವರು. ಅಮೇರಿಕದ ಝೆರಾಕ್ಸ್ ಸಂಸ್ಥೆಯವರು ೧೯೭೩ರಲ್ಲಿ ಕಟ್ಟಿದ ‘ಆಲ್ಟೊ’ ಎಂಬ ಯಂತ್ರದಲ್ಲಿ, ಮೇಜಿನ ಮೇಲಿನ ಕಾಗದಗಳಂತೆ ಒಂದರ ಮೇಲೊಂದು ಕೂಡ್ರಬಲ್ಲ ಕಿಟಕಿಗಳು ಆ ದಶಕದಲ್ಲಿಯೇ ಕಾಣಿಸಿಕೊಂಡವು. ಅದೇ ಸಂಸ್ಥೆಯು ೧೯೮೧ರಲ್ಲಿ ಮಾರಾಟಕ್ಕೆ ತಂದ ‘ಸ್ಟಾರ್’ ಯಂತ್ರದಲ್ಲಿ ಕಿಟಕಿಗಳು ಒಂದನ್ನೊಂದು ಮುಚ್ಚದೆ ಪಕ್ಕಪಕ್ಕದಲ್ಲಿ ನಿಲ್ಲುತ್ತಿದ್ದವು. ೧೯೮೪ರಲ್ಲಿ ಆಪಲ್ ಸಂಸ್ಥೆಯ ‘ಮ್ಯಾಕಿಂಟಾಶ್’ ಬಂದಿತು. ಅದೇ ವರ್ಷ ಎಂ.ಐ.ಟಿ. ವಿದ್ಯಾಲಯದಲ್ಲಿ ‘ಎಕ್ಸ್ ವಿಂಡೋ’ ಪದ್ಧತಿಯು ಹುಟ್ಟಿತು. ಮೈಕ್ರೋಸಾಫ್ಟಿನವರ ಮೊದಲನೆಯ ‘ವಿಂಡೋಸ್’ ೧೯೮೫ರಲ್ಲಿ ಹೊರಟಾಗ ಅದರಲ್ಲಿಯೂ ಕಿಟಕಿಗಳು ಹಾಸುಗಲ್ಲಿನಂತೆ ಪಕ್ಕಪಕ್ಕದಲ್ಲಿಯೇ ಇರಬೇಕಾಗಿತ್ತು; ಒಂದರ ಮೇಲೊಂದು ಬರುವ ಕ್ರಮವು ಅದಕ್ಕೆ ದೊರೆತದ್ದು ೧೯೮೭ರ ಎರಡನೆಯ ಆವೃತ್ತಿಯಲ್ಲಿ.

ಈ ಎರಡು ಕ್ರಮಗಳಲ್ಲಿ ಗುಣವೂ ಇದೆ, ದೋಷವೂ ಇದೆ. ಪಕ್ಕಪಕ್ಕದಲ್ಲಿ ನಿಂತರೆ ಎಲ್ಲವೂ ಕಾಣುವುದು, ಆದರೆ ಪ್ರತಿಯೊಂದೂ ಕಿರಿದಾಗುವುದು. ಒಂದರ ಮೇಲೊಂದು ಬಂದರೆ ಪ್ರತಿಯೊಂದೂ ದೊಡ್ಡದಾಗಿರಬಹುದು, ಆದರೆ ಮೇಲಿನದು ಕೆಳಗಿನದನ್ನು ಮರೆಮಾಡುವುದು. ಇಂದಿನ ಯಂತ್ರಗಳಲ್ಲಿ ಎರಡು ಕ್ರಮಗಳೂ ಉಂಟು. ಯಾವ ಕೆಲಸಕ್ಕೆ ಯಾವುದು ಒಪ್ಪುವುದೆಂಬುದನ್ನು ಆರಿಸತಕ್ಕವರು ನಾವು.

೩. ನಾಲ್ಕು ಸಂಖ್ಯೆಗಳು, ಮೂರು ಸ್ಥಿತಿಗಳು

ಪರದೆಯೆಂದರೆ ಸಣ್ಣ ಚುಕ್ಕೆಗಳ ಒಂದು ಹೊಲ. ಈ ಚುಕ್ಕೆಗೆ ಪಿಕ್ಸೆಲ್ ಎಂದು ಹೆಸರು. ಈಗ ಬಹಳವಾಗಿ ಕಾಣಬರುವ ಒಂದು ಅಳತೆಯಲ್ಲಿ ಅಡ್ಡಲಾಗಿ ೧,೯೨೦, ಉದ್ದಲಾಗಿ ೧,೦೮೦ ಚುಕ್ಕೆಗಳಿರುವುವು. ಹೊಲದಲ್ಲಿ ಒಂದು ಮಡಿಯನ್ನು ಗುರುತಿಸಬೇಕಾದರೆ ಬದುವಿನಿಂದ ಎಷ್ಟು ದೂರ, ಮಡಿಯು ಎಷ್ಟು ಉದ್ದ, ಎಷ್ಟು ಅಗಲ ಎಂದು ಹೇಳುವೆವಷ್ಟೆ. ಹಾಗೆಯೇ ಕಿಟಕಿಯನ್ನು ನಾಲ್ಕು ಸಂಖ್ಯೆಗಳಿಂದ ಗುರುತಿಸುವರು: ಪರದೆಯ ಎಡ ಅಂಚಿನಿಂದ ದೂರ, ಮೇಲಿನ ಅಂಚಿನಿಂದ ದೂರ, ಕಿಟಕಿಯ ಅಗಲ, ಕಿಟಕಿಯ ಎತ್ತರ.

ಇಲ್ಲಿ ವಿದ್ಯಾರ್ಥಿನಿಯರು ಗಮನಿಸತಕ್ಕ ಒಂದು ಭೇದವುಂಟು. ಬೀಜಗಣಿತದ ನಕ್ಷೆಯಲ್ಲಿ ಮೇಲಕ್ಕೆ ಹೋದಂತೆ ಸಂಖ್ಯೆಯು ಹೆಚ್ಚುವುದು. ಪರದೆಯಲ್ಲಿಯಾದರೋ ಸೊನ್ನೆಯು ಎಡಗಡೆಯ ಮೇಲಿನ ಮೂಲೆಯಲ್ಲಿದ್ದು, ಕೆಳಕ್ಕೆ ಇಳಿದಂತೆ ಸಂಖ್ಯೆಯು ಹೆಚ್ಚುವುದು. ನಾವು ಪುಟವನ್ನು ಓದುವ ಕ್ರಮವೇ ಇದು. ಮುಖ್ಯ ಪರದೆಯ ಎಡಕ್ಕೆ ಎರಡನೆಯ ಪರದೆಯನ್ನು ಜೋಡಿಸಿದರೆ ಅಲ್ಲಿನ ದೂರಗಳು ಋಣಸಂಖ್ಯೆಗಳಾಗುವುವು.

ಒಂದು ಲೆಕ್ಕವನ್ನು ಮಾಡೋಣ. ವಿಂಡೋಸ್ ೧೧ರಲ್ಲಿ ಸಾಧಾರಣ ಅಳತೆಯಲ್ಲಿ ಕೆಳಗಿನ ಟಾಸ್ಕ್‌ಬಾರ್ ಪಟ್ಟಿಯು ೪೮ ಚುಕ್ಕೆಗಳನ್ನು ತೆಗೆದುಕೊಳ್ಳುವುದು. ೧,೦೮೦ರಲ್ಲಿ ೪೮ನ್ನು ಕಳೆದರೆ ಉಳಿಯುವುದು ೧,೦೩೨. ಪರದೆಯನ್ನು ಎರಡು ಸಮಭಾಗ ಮಾಡಿದರೆ ಎಡಗಡೆಯ ಕಿಟಕಿಯ ಸಂಖ್ಯೆಗಳು ೦, ೦, ೯೬೦, ೧,೦೩೨. ಬಲಗಡೆಯದರ ಸಂಖ್ಯೆಗಳು ೯೬೦, ೦, ೯೬೦, ೧,೦೩೨. ಇಷ್ಟನ್ನು ಅರಿತವಳಿಗೆ ಕಿಟಕಿಯ ಜೋಡಣೆಯಲ್ಲಿ ಗುಟ್ಟೇನೂ ಉಳಿಯದು.

ಈ ನಾಲ್ಕು ಸಂಖ್ಯೆಗಳಲ್ಲದೆ ಕಿಟಕಿಗೆ ಮೂರು ಸ್ಥಿತಿಗಳುಂಟು. ತನ್ನ ಅಳತೆಯಲ್ಲಿ ನಿಲ್ಲುವುದು ಸಾಮಾನ್ಯ ಸ್ಥಿತಿ. ಪರದೆಯನ್ನೆಲ್ಲ ತುಂಬುವುದು ಪೂರ್ಣ ಸ್ಥಿತಿ. ಕಣ್ಣಿಗೆ ಬೀಳದೆ ಕೆಳಗಿನ ಪಟ್ಟಿಯಲ್ಲಿ ಅಡಗಿರುವುದು ಕುಗ್ಗಿದ ಸ್ಥಿತಿ. ಪೂರ್ಣ ಸ್ಥಿತಿಯಲ್ಲಿದ್ದಾಗಲೂ ಅದರ ಸಾಮಾನ್ಯ ಸ್ಥಿತಿಯ ನಾಲ್ಕು ಸಂಖ್ಯೆಗಳನ್ನು ಯಂತ್ರವು ಬೇರೆಯಾಗಿ ನೆನಪಿಟ್ಟಿರುವುದು. ಮೊದಲಿನ ಅಳತೆಗೆ ಮರಳುವ ಗುಂಡಿಯನ್ನು ಒತ್ತಿದೊಡನೆ ಕಿಟಕಿಯು ಹಿಂದಿನ ಸ್ಥಳಕ್ಕೇ ಬರುವುದು ಇದರಿಂದಲೇ.

ಮಸ್ಕಿಯಲ್ಲಿ ೧೯೧೫ರಲ್ಲಿ ಚಿನ್ನದ ಗಣಿಯ ಇಂಜಿನಿಯರರಾದ ಬೀಡನ್ ಎಂಬವರು ಕಂಡುಹಿಡಿದ ಶಿಲಾಶಾಸನವನ್ನು ನಮ್ಮ ಸೀಮೆಯವರೆಲ್ಲರೂ ಬಲ್ಲರು. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಖಚಿತವಾದದ್ದು ಅದರಲ್ಲಿರುವ ಹೆಸರಿನಿಂದ. ಕಲ್ಲಿನ ಮೇಲೆ ಒಮ್ಮೆ ಕೊರೆದ ಆ ಸಾಲುಗಳು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಇಟ್ಟಲ್ಲಿಯೇ ಇವೆ. ಪರದೆಯ ಕಿಟಕಿಯು ಹಾಗಲ್ಲ. ಮುಚ್ಚಿದೊಡನೆ ಅದು ಇಲ್ಲವಾಗುವುದು, ಮತ್ತೆ ತೆರೆದಾಗ “ನಾನು ಎಲ್ಲಿ ನಿಲ್ಲಲಿ?” ಎಂಬ ಪ್ರಶ್ನೆಯು ಹೊಸದಾಗಿಯೇ ಹುಟ್ಟುವುದು. ಅದಕ್ಕೆ ಉತ್ತರ ಹೇಳುವವರು ಯಾರು?

೪. ನಿರ್ಣಯಿಸುವವರು ಮೂವರು

ಮೊದಲನೆಯದು ತಂತ್ರಾಂಶ. ಚೆನ್ನಾಗಿ ರಚಿಸಿದ ತಂತ್ರಾಂಶವು ಮುಚ್ಚಿಕೊಳ್ಳುವಾಗ ತನ್ನ ನಾಲ್ಕು ಸಂಖ್ಯೆಗಳನ್ನೂ ಸ್ಥಿತಿಯನ್ನೂ ಒಂದು ಕಡತದಲ್ಲಿ ಬರೆದಿಟ್ಟು, ಮುಂದಿನ ಸಲ ತೆರೆದಾಗ ಅದನ್ನು ಓದಿ ಅಲ್ಲಿಯೇ ಬಂದು ನಿಲ್ಲುವುದು. ಹೀಗೆ ಬರೆದಿಡದ ತಂತ್ರಾಂಶಗಳೂ ಅನೇಕ ಇವೆ.

ಎರಡನೆಯದು ಯಂತ್ರದ ಕಾರ್ಯಾಚರಣ ವ್ಯವಸ್ಥೆ. ತಂತ್ರಾಂಶವು ಏನನ್ನೂ ಹೇಳದಿದ್ದರೆ ವ್ಯವಸ್ಥೆಯೇ ಒಂದು ಸ್ಥಳವನ್ನು ಕೊಡುವುದು. ಮದುವೆಯ ಮನೆಯಲ್ಲಿ ಬಂದವರನ್ನು ಪಂಕ್ತಿಯಲ್ಲಿ ಕೂಡ್ರಿಸುವ ಹಿರಿಯರಂತೆ ಇದರ ಕೆಲಸ. ವಿಂಡೋಸ್ ವ್ಯವಸ್ಥೆಯು ಹೊಸದಾಗಿ ಬಂದ ಪ್ರತಿಯೊಂದು ಕಿಟಕಿಯನ್ನೂ ಹಿಂದಿನದಕ್ಕಿಂತ ಸ್ವಲ್ಪ ಕೆಳಕ್ಕೆ, ಸ್ವಲ್ಪ ಬಲಕ್ಕೆ ಸರಿಸಿ ಮೆಟ್ಟಿಲುಗಳಂತೆ ಇಡುವುದು. ಲಿನಕ್ಸ್ ಯಂತ್ರಗಳಲ್ಲಿ ಈ ಕೆಲಸಕ್ಕೆಂದೇ ಕಿಟಕಿಗಳ ಮೇಲ್ವಿಚಾರಕನೆಂಬ ಬೇರೊಂದು ತಂತ್ರಾಂಶವಿರುವುದು.

ಮೂರನೆಯವರು ನಾವು, ಅಂದರೆ ಉಪಯೋಗಿಸುವವರು. ನಾವು ಮೊದಲೇ ಅಪ್ಪಣೆಯನ್ನು ಬರೆದಿಟ್ಟರೆ ವ್ಯವಸ್ಥೆಯು ಅದನ್ನು ತಂತ್ರಾಂಶಕ್ಕೆ ತಲುಪಿಸುವುದು. ಆದರೆ ಅದು ಬಹುಶಃ ಅಪ್ಪಣೆಯಲ್ಲ, ವಿನಂತಿ. ಕೆಲವು ತಂತ್ರಾಂಶಗಳು ಅದನ್ನು ಮನ್ನಿಸುವುವು, ಕೆಲವು ಮನ್ನಿಸವು. ಕಿಟಕಿಯು ಹೇಳಿದಂತೆ ಕೇಳದಿದ್ದಾಗ ಯಂತ್ರವು ಕೆಟ್ಟಿತೆಂದು ಭಾವಿಸಬಾರದು. ಮೂವರಲ್ಲಿ ಯಾರ ಮಾತು ನಡೆಯಿತೆಂದು ವಿಚಾರಿಸಬೇಕು.

೫. ಗೊತ್ತುಮಾಡುವ ಕ್ರಮ

(ಅ) ಎಲ್ಲಕ್ಕಿಂತ ಸುಲಭವಾದ ಉಪಾಯ. ಕಿಟಕಿಯನ್ನು ಬೇಕಾದ ಸ್ಥಳದಲ್ಲಿ ಬೇಕಾದ ಅಳತೆಗೆ ತಂದು, ಅದೇ ಸ್ಥಿತಿಯಲ್ಲಿ ಮುಚ್ಚಿ, ಪುನಃ ತೆರೆದು ನೋಡಬೇಕು. ನೆನಪಿಡುವ ತಂತ್ರಾಂಶವಾದರೆ ಅಲ್ಲಿಗೇ ಬರುವುದು. ಒಂದೇ ತಂತ್ರಾಂಶದ ಎರಡು ಮೂರು ಕಿಟಕಿಗಳು ತೆರೆದಿದ್ದರೆ, ಸಾಮಾನ್ಯವಾಗಿ ಕಡೆಯಲ್ಲಿ ಮುಚ್ಚಿದ ಕಿಟಕಿಯ ಸ್ಥಾನವೇ ನೆನಪಿನಲ್ಲಿ ಉಳಿಯುವುದು. ಆದುದರಿಂದ ಸರಿಯಾಗಿ ಇಟ್ಟದ್ದನ್ನು ಕಡೆಗೆ ಮುಚ್ಚಬೇಕು.

(ಆ) ವಿಂಡೋಸಿನಲ್ಲಿ ಪ್ರಾರಂಭದ ಸ್ಥಿತಿಯನ್ನು ಹೇಳುವುದು. ತಂತ್ರಾಂಶದ ಶಾರ್ಟ್‌ಕಟ್ ಚಿತ್ರದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ ‘ಪ್ರಾಪರ್ಟೀಸ್’ ಎಂಬುದನ್ನು ಆರಿಸಬೇಕು. ಅಲ್ಲಿ ‘ರನ್’ ಎಂಬ ಸಾಲಿನಲ್ಲಿ ಮೂರು ಆಯ್ಕೆಗಳಿವೆ: ನಾರ್ಮಲ್ ವಿಂಡೋ, ಮಿನಿಮೈಸ್ಡ್, ಮ್ಯಾಕ್ಸಿಮೈಸ್ಡ್. ಮೇಲೆ ಹೇಳಿದ ಮೂರು ಸ್ಥಿತಿಗಳೇ ಇವು. ಇದರಿಂದ ಸ್ಥಿತಿಯನ್ನು ಮಾತ್ರ ಹೇಳಬಹುದು. ನಾಲ್ಕು ಸಂಖ್ಯೆಗಳನ್ನು ಹೇಳಲಾಗದು. ಯಂತ್ರವನ್ನು ಹಚ್ಚಿದೊಡನೆ ತಾನಾಗಿಯೇ ಹೊರಡಬೇಕಾದ, ಆದರೆ ಮುಖ ತೋರಿಸಬೇಕಾಗಿಲ್ಲದ ತಂತ್ರಾಂಶಗಳಿಗೆ ಕುಗ್ಗಿದ ಸ್ಥಿತಿಯು ಬಹಳ ಅನುಕೂಲ. ಕನ್ನಡದ ಕೀಲಿಮಣೆಗೆ ಸಹಾಯಮಾಡುವ ತಂತ್ರಾಂಶಗಳು ಈ ಜಾತಿಯವು. ಅವು ಹಿಂದೆ ನಿಂತು ಕೆಲಸಮಾಡಿದರೆ ಸಾಕು.

(ಇ) ಕೀಲಿಗಳಿಂದ ಸ್ಥಳಕ್ಕೆ ಕೂಡ್ರಿಸುವುದು. ವಿಂಡೋಸ್ ಕೀಲಿಯನ್ನು ಹಿಡಿದು ಎಡಬಾಣವನ್ನು ಒತ್ತಿದರೆ ಕಿಟಕಿಯು ಎಡಗಡೆಯ ಅರ್ಧಭಾಗಕ್ಕೂ, ಬಲಬಾಣವನ್ನು ಒತ್ತಿದರೆ ಬಲಗಡೆಯ ಅರ್ಧಭಾಗಕ್ಕೂ ಹೋಗಿ ಕೂಡ್ರುವುದು. ಈ ಸೌಕರ್ಯವು ೨೦೦೯ರ ವಿಂಡೋಸ್ ೭ರಿಂದ ಇದೆ. ೨೦೨೧ರ ವಿಂಡೋಸ್ ೧೧ರಲ್ಲಿ ಅದೇ ಕೀಲಿಯೊಡನೆ ‘ಝಡ್’ ಅಕ್ಷರವನ್ನು ಒತ್ತಿದರೆ ಹಲವು ಬಗೆಯ ಜೋಡಣೆಗಳ ಪಟ್ಟಿಯು ಬರುವುದು.

(ಈ) ಹಲವು ತಂತ್ರಾಂಶಗಳನ್ನು ಒಟ್ಟಿಗೆ ತೆರೆಯುವುದು. ಮೈಕ್ರೋಸಾಫ್ಟಿನವರೇ ಕೊಡುವ ‘ಪವರ್‌ಟಾಯ್ಸ್’ ಎಂಬ ಉಚಿತ ಉಪಕರಣದಲ್ಲಿ ೨೦೨೪ರಲ್ಲಿ ಸೇರಿಸಲ್ಪಟ್ಟ ‘ವರ್ಕ್‌ಸ್ಪೇಸಸ್’ ಎಂಬ ಭಾಗವಿದೆ. ಬೇಕಾದ ತಂತ್ರಾಂಶಗಳನ್ನು ಒಮ್ಮೆ ಬೇಕಾದ ಸ್ಥಳಗಳಲ್ಲಿ ಇಟ್ಟು ಅದಕ್ಕೆ ತೋರಿಸಿದರೆ, ಮುಂದೆ ಒಂದೇ ಒತ್ತಿಗೆ ಅವೆಲ್ಲವನ್ನೂ ತೆರೆದು ಆಯಾ ಸ್ಥಳಗಳಲ್ಲಿ ಇಡುವುದು. ದಿನವೂ ಲೆಕ್ಕದ ಹಾಳೆ, ಪತ್ರ, ಅಂತರ್ಜಾಲ ಎಂಬ ಮೂರನ್ನು ತೆರೆಯತಕ್ಕ ಸಹೋದರಿಯರಿಗೆ ಇದು ಬಹಳ ಉಪಯುಕ್ತ.

(ಉ) ಲಿನಕ್ಸಿನಲ್ಲಿ. ಎಕ್ಸ್ ಪದ್ಧತಿಯ ಹಳೆಯ ತಂತ್ರಾಂಶಗಳನ್ನು ಹೊರಡಿಸುವಾಗ ‘ಜಿಯಾಮೆಟ್ರಿ’, ಅಂದರೆ ರೇಖಾಗಣಿತ, ಎಂಬ ಹೆಸರಿನ ಕೆಳಗೆ ನಾಲ್ಕು ಸಂಖ್ಯೆಗಳನ್ನೂ ಕೊಡಬಹುದು. ಉದಾಹರಣೆಗೆ, ೮೦ ಅಕ್ಷರ ಅಗಲ, ೨೪ ಸಾಲು ಎತ್ತರ, ಎಡದಿಂದ ೧೦೦ ಮತ್ತು ಮೇಲಿನಿಂದ ೫೦ ಚುಕ್ಕೆಗಳ ದೂರ ಎಂದು ಹೇಳಬಹುದು. ಕೂಡುವ ಗುರುತಿನ ಬದಲಾಗಿ ಕಳೆಯುವ ಗುರುತನ್ನು ಹಾಕಿದರೆ ಬಲ ಅಂಚಿನಿಂದಲೂ ಕೆಳ ಅಂಚಿನಿಂದಲೂ ಅಳೆಯುವುದು. ‘ಕೆ.ಡಿ.ಇ.’ ಎಂಬ ಏರ್ಪಾಡಿನಲ್ಲಿ ಒಂದೊಂದು ತಂತ್ರಾಂಶಕ್ಕೂ ನಿಯಮವನ್ನು ಬರೆಯಬಹುದು. ಪ್ರಾರಂಭದಲ್ಲಿ ಮಾತ್ರ ಅನ್ವಯಿಸಬೇಕೋ, ಕಡೆಯ ಸ್ಥಾನವನ್ನು ನೆನಪಿಡಬೇಕೋ, ಅಲುಗದಂತೆ ಬಲವಂತವಾಗಿಯೇ ಇಡಬೇಕೋ ಎಂಬುದನ್ನು ಅಲ್ಲಿ ಆರಿಸಬಹುದು. ಪ್ರಾರಂಭದ ಮಟ್ಟಿಗಿನ ನಿಯಮವೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಬಳಿಕ ಅವಳವಳ ಇಷ್ಟದಂತೆ ಸರಿಸಿಕೊಳ್ಳಲು ಸ್ವಾತಂತ್ರ್ಯವಿರಬೇಕು. ಎಕ್ಸ್ ಪದ್ಧತಿಯ ಸ್ಥಾನಕ್ಕೆ ಬರುತ್ತಿರುವ ‘ವೇಲ್ಯಾಂಡ್’ ಪದ್ಧತಿಯಲ್ಲಿ ಸಾಧಾರಣ ತಂತ್ರಾಂಶಕ್ಕೆ ತನ್ನ ಸ್ಥಾನವನ್ನು ತಾನೇ ಗೊತ್ತುಮಾಡುವ ಅಧಿಕಾರವಿಲ್ಲ. ಅದು ಮೇಲ್ವಿಚಾರಕನಿಗೇ ಸೇರಿದ್ದು. ಹಳೆಯ ಉಪಾಯಗಳು ಹೊಸ ಯಂತ್ರದಲ್ಲಿ ನಡೆಯದಿದ್ದರೆ ಕಾರಣವು ಇದಾಗಿರಬಹುದು.

೬. ಕನ್ನಡಕ್ಕೆ ತಕ್ಕ ಅಳತೆ

ಅಳತೆಯನ್ನು ಗೊತ್ತುಮಾಡುವಾಗ ನಮ್ಮ ಭಾಷೆಯ ಸ್ವಭಾವವನ್ನು ಮರೆಯಬಾರದು. ಇಂಗ್ಲಿಷಿನಲ್ಲಿ ಎರಡು ಮೂರು ಚಿಕ್ಕ ಪದಗಳಾಗಿ ಬರುವುದು ಕನ್ನಡದಲ್ಲಿ ವಿಭಕ್ತಿಪ್ರತ್ಯಯಗಳು ಸೇರಿ ಒಂದೇ ಉದ್ದ ಪದವಾಗುವುದು. ‘ತಾಲ್ಲೂಕುಕಛೇರಿಯವರಿಗೆ’ ಎಂಬುದನ್ನು ನಡುವೆ ಮುರಿಯುವಂತಿಲ್ಲ. ಕಿಟಕಿಯು ಕಿರಿದಾದರೆ ಅಂಥ ಪದವು ಇಡಿಯಾಗಿ ಕೆಳಗಿನ ಸಾಲಿಗೆ ಹೋಗಿ, ಮೇಲಿನ ಸಾಲಿನಲ್ಲಿ ಬರಿಯ ತೆರಪು ಉಳಿಯುವುದು. ಮೇಲಾಗಿ ನಮ್ಮ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಸಾಲುಸಾಲುಗಳ ನಡುವೆ ಹೆಚ್ಚು ಎಡೆ ಬೇಕಾಗುವುದು. ಇಂಗ್ಲಿಷಿನ ಅಳತೆಗೆ ಮಾಡಿದ ಚೌಕದಲ್ಲಿ ಒತ್ತಕ್ಷರದ ಕಾಲು ಕತ್ತರಿಸಿಹೋದರೆ ಓದುವವಳು ಒಂದು ಹೆಸರನ್ನು ಇನ್ನೊಂದಾಗಿ ಭಾವಿಸುವ ಸಂಭವವುಂಟು. ಮೇಲೆ ಹೇಳಿದ ಶರಣಮ್ಮನವರ ಪಹಣಿಯನ್ನು ಇಲ್ಲಿ ನೆನೆಯಬೇಕು.

ಹೀಗಿರುವುದರಿಂದ ಕನ್ನಡದ ಅರ್ಜಿಯನ್ನು ತುಂಬುವ ಕಿಟಕಿಯು ಅಗಲವಾಗಿಯೂ ಎತ್ತರವಾಗಿಯೂ ಇರಬೇಕು. ೧,೯೨೦ ಚುಕ್ಕೆಗಳ ಪರದೆಯಿದ್ದರೆ ಎಡಗಡೆಯಲ್ಲಿ ಮೂಲಪತ್ರವನ್ನೂ ಬಲಗಡೆಯಲ್ಲಿ ಬರೆಯುವ ಕಿಟಕಿಯನ್ನೂ ಸಮಭಾಗವಾಗಿ ಇಡಬಹುದು. ಚಿಕ್ಕ ಲ್ಯಾಪ್‌ಟಾಪುಗಳಲ್ಲಿ ಅನೇಕವು ೧,೩೬೬ ಅಡ್ಡ, ೭೬೮ ಉದ್ದ ಚುಕ್ಕೆಗಳವು. ಅದನ್ನು ಎರಡು ಮಾಡಿದರೆ ಒಂದೊಂದಕ್ಕೆ ೬೮೩ ಮಾತ್ರ ಸಿಕ್ಕುವುದು. ಅಷ್ಟರಲ್ಲಿ ಸರಕಾರದ ಅರ್ಜಿಯ ದೊಡ್ಡ ಪುಟವು ಹಿಡಿಸದೆ ಅದರ ಬಲಭಾಗವು ಕಾಣದೆ ಹೋಗಬಹುದು. ಅಂಥ ಯಂತ್ರದಲ್ಲಿ ಎರಡನ್ನೂ ಪೂರ್ಣ ಸ್ಥಿತಿಯಲ್ಲಿಯೇ ಇಟ್ಟು, ‘ಆಲ್ಟ್’ ಕೀಲಿಯೊಡನೆ ‘ಟ್ಯಾಬ್’ ಕೀಲಿಯನ್ನು ಒತ್ತಿ ಒಂದರಿಂದ ಇನ್ನೊಂದಕ್ಕೆ ಹೋಗುವುದು ಲೇಸು.

ಕಣ್ಣು ಮಂದವಾದವರಿಗಾಗಿ ಅಕ್ಷರಗಳನ್ನು ದೊಡ್ಡದು ಮಾಡಿದಾಗ ಇನ್ನೊಂದು ವ್ಯತ್ಯಾಸವಾಗುವುದು. ಯಂತ್ರದ ಅಳತೆಯನ್ನು ನೂರಕ್ಕೆ ೧೨೫ರಷ್ಟು ಹೆಚ್ಚಿಸಿದರೆ ೧,೯೨೦ ಅಡ್ಡ ೧,೦೮೦ ಉದ್ದದ ಪರದೆಯು ೧,೫೩೬ ಅಡ್ಡ ೮೬೪ ಉದ್ದದ ಪರದೆಯಂತೆ ನಡೆಯುವುದು. ಹಿಂದೆ ಗೊತ್ತುಮಾಡಿದ ಸಂಖ್ಯೆಗಳನ್ನು ಆಗ ಮತ್ತೊಮ್ಮೆ ನೋಡಿಕೊಳ್ಳಬೇಕು.

೭. ಕಾಣದೆ ಹೋದ ಕಿಟಕಿ

ಎರಡನೆಯ ಪರದೆಯಲ್ಲಿದ್ದ ಕಿಟಕಿಯನ್ನು ಮುಚ್ಚಿ, ಆ ಪರದೆಯನ್ನು ಬಿಚ್ಚಿಟ್ಟು, ಬಳಿಕ ತಂತ್ರಾಂಶವನ್ನು ತೆರೆದರೆ ಏನಾಗುವುದು? ಚೆನ್ನಾಗಿ ರಚಿಸಿದ ತಂತ್ರಾಂಶವು ತನ್ನ ಹಳೆಯ ಸ್ಥಾನವು ಈಗಲೂ ಇದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ಮುಖ್ಯ ಪರದೆಗೆ ಬರುವುದು. ಪರೀಕ್ಷಿಸದ ತಂತ್ರಾಂಶವು ಇಲ್ಲದ ಪರದೆಯ ಮೇಲೆಯೇ ತೆರೆದುಕೊಳ್ಳುವುದು. ಕೆಳಗಿನ ಪಟ್ಟಿಯಲ್ಲಿ ಅದರ ಗುರುತಿದ್ದರೂ ಕಿಟಕಿಯು ಕಣ್ಣಿಗೆ ಬೀಳದು. ಆಗ ಗಾಬರಿಪಡಬೇಕಾಗಿಲ್ಲ. ಪಟ್ಟಿಯಲ್ಲಿ ಅದನ್ನು ಆರಿಸಿ, ‘ಆಲ್ಟ್’ ಕೀಲಿಯೊಡನೆ ತೆರಪಿನ ಕೀಲಿಯನ್ನು ಒತ್ತಿ, ‘ಎಂ’ ಅಕ್ಷರವನ್ನು ಒತ್ತಿ, ಬಳಿಕ ಯಾವುದಾದರೊಂದು ಬಾಣದ ಕೀಲಿಯನ್ನು ಒಮ್ಮೆ ಒತ್ತಿ ಮೌಸನ್ನು ಸರಿಸಿದರೆ ಕಿಟಕಿಯು ಮೌಸಿಗೆ ಅಂಟಿಕೊಂಡು ಬರುವುದು. ಎರಡು ಪರದೆಗಳು ಇರುವಾಗಲಾದರೋ ವಿಂಡೋಸ್ ಮತ್ತು ‘ಶಿಫ್ಟ್’ ಕೀಲಿಗಳೊಡನೆ ಎಡ ಅಥವಾ ಬಲಬಾಣವನ್ನು ಒತ್ತಿದರೆ ಕಿಟಕಿಯು ಒಂದು ಪರದೆಯಿಂದ ಇನ್ನೊಂದಕ್ಕೆ ದಾಟುವುದು.

೮. ಸ್ಥಾನದ ನೆನಪು ಬೇರೆ, ವಿಷಯದ ನೆನಪು ಬೇರೆ

ಈಗ ಈ ಪಾಠದ ಮುಖ್ಯಭಾಗಕ್ಕೆ ಬರುವೆವು. ಒಬ್ಬಳೇ ಉಪಯೋಗಿಸುವ ಯಂತ್ರದಲ್ಲಿ ಕಿಟಕಿಯು ತನ್ನ ಸ್ಥಾನವನ್ನು ನೆನಪಿಡುವುದು ಅನುಕೂಲವೇ. ಆದರೆ ನಮ್ಮ ಸೀಮೆಯಲ್ಲಿ ಯಂತ್ರವೊಂದನ್ನು ಹತ್ತಾರು ಜನ ಉಪಯೋಗಿಸುವುದು ಸಾಮಾನ್ಯ. ಶಾಲೆಯ ಕೊಠಡಿಯಲ್ಲಿ ಒಂದು ಯಂತ್ರದ ಮುಂದೆ ಇಬ್ಬರು ಹುಡುಗಿಯರು ಕೂಡ್ರುವರು. ಸೇವಾಕೇಂದ್ರದ ಯಂತ್ರದ ಮುಂದೆ ಒಬ್ಬರಾದ ಮೇಲೊಬ್ಬರು ಬಂದು ಆಧಾರ್, ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ ಎಂದು ತಮ್ಮ ತಮ್ಮ ಪತ್ರಗಳನ್ನು ಕೊಡುವರು.

ಕೆಲವು ತಂತ್ರಾಂಶಗಳು ಸ್ಥಾನವನ್ನು ಮಾತ್ರವಲ್ಲದೆ, ಹಿಂದಿನ ಸಲ ತೆರೆದಿದ್ದ ವಿಷಯವನ್ನೂ ನೆನಪಿಟ್ಟು ತೆರೆದೊಡನೆ ಮುಂದಿಡುವುವು. ಅಂತರ್ಜಾಲವನ್ನು ನೋಡುವ ‘ಕ್ರೋಮ್’, ‘ಫೈರ್‌ಫಾಕ್ಸ್’ ಮೊದಲಾದವುಗಳಲ್ಲಿ, ಬಿಟ್ಟಲ್ಲಿಂದಲೇ ಮುಂದುವರಿಸು ಎಂಬ ಅರ್ಥದ ಆಯ್ಕೆಯೊಂದಿದೆ. ಮನೆಯ ಯಂತ್ರದಲ್ಲಿ ಅದು ಹಿತ. ಹಂಚಿಕೊಂಡ ಯಂತ್ರದಲ್ಲಾದರೋ, ಬೆಳಿಗ್ಗೆ ಬಂದ ಒಬ್ಬ ಹೆಂಗಸಿನ ಆಸ್ಪತ್ರೆಯ ಪತ್ರವು ಮಧ್ಯಾಹ್ನ ಬಂದ ನೆರೆಯವನ ಕಣ್ಣಿಗೆ ಬೀಳುವುದು. ಅವಳ ಜನ್ಮದಿನ, ದೂರವಾಣಿಯ ಸಂಖ್ಯೆ, ಬ್ಯಾಂಕಿನ ಖಾತೆ ಎಲ್ಲವೂ ಪರಿಚಯವಿಲ್ಲದವರ ಮುಂದೆ ತೆರೆದಂತಾಗುವುದು. ಗುಮಾಸ್ತನಿಗೆ ಯಾವ ದುರುದ್ದೇಶವೂ ಇರದು. ಪ್ರಾರಂಭದ ಒಂದು ಆಯ್ಕೆಯನ್ನು ನೋಡಿಕೊಳ್ಳದೆ ಇದ್ದುದೇ ಸಾಕಾಯಿತು. ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳ ಗುಟ್ಟು ಹೀಗೆ ಹೊರಬಿದ್ದರೆ ಅದನ್ನು ಹಿಂದಕ್ಕೆ ತರುವ ಕೀಲಿಯು ಯಾವ ಯಂತ್ರದಲ್ಲಿಯೂ ಇಲ್ಲ.

ಆದುದರಿಂದ ಹಂಚಿಕೊಂಡ ಯಂತ್ರದಲ್ಲಿ ಈ ನಾಲ್ಕು ನಿಯಮಗಳನ್ನು ಪಾಲಿಸಬೇಕು. ಒಂದು: ಅಂತರ್ಜಾಲದ ತಂತ್ರಾಂಶವು ಬರಿಯ ಹೊಸ ಪುಟದೊಡನೆಯೇ ತೆರೆಯುವಂತೆ ಪ್ರಾರಂಭದ ಆಯ್ಕೆಯನ್ನು ಇಡಬೇಕು. ಎರಡು: ಸಾಧ್ಯವಾದಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆಯನ್ನು ತೆರೆಯಬೇಕು, ಆಗ ಒಬ್ಬಳ ಜೋಡಣೆಯು ಇನ್ನೊಬ್ಬಳಿಗೆ ತೊಡಕಾಗದು, ಒಬ್ಬಳ ಪತ್ರವು ಇನ್ನೊಬ್ಬಳಿಗೆ ಕಾಣದು. ಮೂರು: ಒಬ್ಬರ ಕೆಲಸವು ಮುಗಿದೊಡನೆ ಅವರ ಕಿಟಕಿಗಳನ್ನು ಕುಗ್ಗಿಸದೆ ಮುಚ್ಚಿಯೇ ಬಿಡಬೇಕು, ಎದ್ದು ಹೋಗುವಾಗ ವಿಂಡೋಸ್ ಕೀಲಿಯೊಡನೆ ‘ಎಲ್’ ಅಕ್ಷರವನ್ನು ಒತ್ತಿ ಬೀಗ ಹಾಕಬೇಕು. ನಾಲ್ಕು: ಎರಡು ಪರದೆಗಳಿರುವಲ್ಲಿ ಅವು ಹೇಗೆ ಜೋಡಿಸಲ್ಪಟ್ಟಿವೆ ಎಂಬುದನ್ನು ಬೆಳಿಗ್ಗೆಯೇ ನೋಡಿಕೊಳ್ಳಬೇಕು.

ಈ ನಾಲ್ಕನೆಯದನ್ನು ಸ್ವಲ್ಪ ವಿವರಿಸುವೆವು. ವಿಂಡೋಸ್ ಕೀಲಿಯೊಡನೆ ‘ಪಿ’ ಅಕ್ಷರವನ್ನು ಒತ್ತಿದರೆ ಎರಡು ಮುಖ್ಯ ಕ್ರಮಗಳು ಕಾಣುವುವು. ‘ಡೂಪ್ಲಿಕೇಟ್’ ಎಂಬ ಕ್ರಮದಲ್ಲಿ ಎರಡು ಪರದೆಗಳೂ ಒಂದನ್ನೇ ತೋರಿಸುವುವು. ಗುಮಾಸ್ತನಿಗೆ ಕಂಡದ್ದೆಲ್ಲವೂ ಎದುರಿಗಿರುವವರಿಗೆ ಕಾಣುವುದು. ‘ಎಕ್ಸ್‌ಟೆಂಡ್’ ಎಂಬ ಕ್ರಮದಲ್ಲಿ ಎರಡು ಪರದೆಗಳು ಕೂಡಿ ಒಂದು ದೊಡ್ಡ ಹೊಲವಾಗಿ, ಆ ಕಡೆಗೆ ಸರಿಸಿದ ಕಿಟಕಿಯು ಮಾತ್ರ ಎದುರಿನವರಿಗೆ ಕಾಣುವುದು. ಮೊದಲನೆಯದರಲ್ಲಿ ಪಾರದರ್ಶಕತೆ ಹೆಚ್ಚು. ಆದರೆ ಹಿಂದೆ ಬಂದವರ ಪತ್ರವೇನಾದರೂ ತೆರೆದಿದ್ದರೆ ಅದೂ ಕಾಣುವುದು. ಎರಡನೆಯದರಲ್ಲಿ ಗುಟ್ಟು ಕಾಯುವುದು ಸುಲಭ. ಆದರೆ ಅರ್ಜಿಯ ಕಿಟಕಿಯು ಪ್ರಾರಂಭದಲ್ಲಿಯೇ ಎದುರಿನ ಪರದೆಗೆ ಹೋಗಿ ನಿಲ್ಲುವಂತೆ ಗೊತ್ತುಮಾಡದಿದ್ದರೆ, ಕೆಲಸದ ಗಡಿಬಿಡಿಯಲ್ಲಿ ಅದನ್ನು ಸರಿಸಲು ಮರೆತು, ಎದುರಿಗೆ ಕುಳಿತವಳು ಬರಿಯ ಪರದೆಯನ್ನೇ ನೋಡು‌ತ್ತಿರಬೇಕಾಗುವುದು. ತೋರಿಸಬೇಕೆಂಬ ಮನಸ್ಸು ಇದ್ದರೆ ಸಾಲದು; ತೋರಿಸುವ ಏರ್ಪಾಡು ಮೊದಲೇ ಆಗಿರಬೇಕು.

೯. ತಾಯಿತಂದೆಗಳಿಗೆ ಒಂದು ಮಾತು

ಈಗ ಪಹಣಿಯನ್ನು ಅಂತರ್ಜಾಲದಿಂದಲೂ ಪಡೆಯಬಹುದು. ಆದಾಗ್ಯೂ ನಮ್ಮಲ್ಲಿ ಅನೇಕರು ಅರ್ಜಿಯನ್ನು ಇನ್ನೊಬ್ಬರ ಕೈಯಿಂದ ತುಂಬಿಸುವರು. ನೀವು ಅಂಥ ಮೇಜಿನ ಮುಂದೆ ಕುಳಿತಾಗ, “ತುಂಬಿದ್ದನ್ನು ನಮಗೂ ಸ್ವಲ್ಪ ತೋರಿಸಿರಿ” ಎಂದು ಕೇಳಲು ಸಂಕೋಚಪಡಬೇಡಿರಿ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಜನ್ಮದಿನ, ಸರ್ವೆ ನಂಬರು, ಖಾತೆಯ ಸಂಖ್ಯೆ, ಈ ಐದನ್ನಾದರೂ ಒಪ್ಪಿಸುವುದಕ್ಕೆ ಮೊದಲು ಓದಿ ನೋಡಿರಿ. ನಿಮಗೆ ಓದು ಬಾರದಿದ್ದರೆ ಮಗಳನ್ನು ಕರೆದುಕೊಂಡು ಹೋಗಿರಿ. ಅವಳು ಕಲಿತ ವಿದ್ಯೆಯು ಮನೆಗೆ ಉಪಯೋಗವಾಗುವ ಸಮಯವು ಅದೇ.

೧೦. ಅಭ್ಯಾಸ

೧) ನಿಮ್ಮ ಪರದೆಯಲ್ಲಿ ಅಡ್ಡಲಾಗಿಯೂ ಉದ್ದಲಾಗಿಯೂ ಎಷ್ಟು ಚುಕ್ಕೆಗಳಿವೆ ಎಂಬುದನ್ನು ಸೆಟ್ಟಿಂಗ್ಸಿನಲ್ಲಿ ನೋಡಿ ಬರೆಯಿರಿ. ಅದನ್ನು ಮೂರು ಸಮಭಾಗ ಮಾಡಿದರೆ ನಡುವಿನ ಕಿಟಕಿಯ ನಾಲ್ಕು ಸಂಖ್ಯೆಗಳು ಯಾವುವು?

೨) ನೀವು ದಿನವೂ ಉಪಯೋಗಿಸುವ ಮೂರು ತಂತ್ರಾಂಶಗಳಲ್ಲಿ ಯಾವುವು ತಮ್ಮ ಸ್ಥಾನವನ್ನು ನೆನಪಿಡುವುವು, ಯಾವುವು ನೆನಪಿಡವು ಎಂಬುದನ್ನು ಮುಚ್ಚಿ ತೆರೆದು ಪರೀಕ್ಷಿಸಿರಿ.

೩) ಹಂಚಿಕೊಂಡ ಯಂತ್ರವೊಂದರಲ್ಲಿ ಅಂತರ್ಜಾಲದ ತಂತ್ರಾಂಶವನ್ನು ತೆರೆದಾಗ ಹಿಂದಿನವರ ಪುಟಗಳು ಬರುವುವೇ? ಬಂದರೆ ಅವುಗಳನ್ನು ಓದದೆ ಮುಚ್ಚಿ, ಪ್ರಾರಂಭದ ಆಯ್ಕೆಯನ್ನು ಸರಿಪಡಿಸುವಂತೆ ಯಂತ್ರದ ಯಜಮಾನರಿಗೆ ತಿಳಿಸಿರಿ.

೪) ತಾಯಿಯನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂಡ್ರಿಸಿಕೊಂಡು ಅವರ ಹೆಸರನ್ನು ಕನ್ನಡದಲ್ಲಿ ಬರೆದು, ಅವರು ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿ ಕಿಟಕಿಯನ್ನೂ ಅಕ್ಷರವನ್ನೂ ಇಡಿರಿ. ಒತ್ತಕ್ಷರಗಳೆಲ್ಲ ಪೂರ್ತಿಯಾಗಿ ಕಾಣುವುವೋ ಎಂದು ಅವರನ್ನೇ ಕೇಳಿರಿ.

ಕೆಲಸಕ್ಕೆ ಕೂಡ್ರುವ ಮೊದಲು ಮೇಜನ್ನು ಒರಸಿ ಕಾಗದಗಳನ್ನು ಸರಿಯಾಗಿ ಇಡುವ ಅಭ್ಯಾಸವು ನಿಮ್ಮೆಲ್ಲರಿಗೂ ಉಂಟು. ಪರದೆಯೂ ಒಂದು ಮೇಜು. ಅದರ ಒಂದು ಅಂಚಿನಲ್ಲಿ ನೀವಿದ್ದರೆ ಇನ್ನೊಂದು ಅಂಚಿನಲ್ಲಿ ಬಹಳ ಸಲ ಇನ್ನೊಬ್ಬರು ಕುಳಿತಿರುವರು. ಕಿಟಕಿಯನ್ನು ಇಡುವಾಗ ಅವರಿಗೂ ಸ್ಥಳವಿರಲಿ.